ಮುಖ ತಿರುಗಿಸಿ ಕೂತ ಭಾನುವಾರ

ಮೊನ್ನೆ ಸಂಜೆ ಮಗಳು ಈಜು ಕಲಿಯುವ ಕಡೆಯಿಂದ ಬಂದವಳೇ ಭುಜ ನೋಯುತ್ತಿದೆ ಎಂದಳು. ನೈರೋಬಿಯ ಲ್ಯಾವಿಂಗ್ಟನ್ನಿನ ನಮ್ಮ ಮನೆಯಲ್ಲಿ ನೋವಿಗೆ ಹಚ್ಚುವ ಟ್ಯೂಬುಗಳಿಗೇನೂ ಬರವಿಲ್ಲ. ಆದರೂ ಯಾಕೋ ಕೈ ತಾನಾಗಿ ಕೊಬ್ಬರಿ ಎಣ್ಣೆಯ ಬಾಟಲಿಗೆ ಹೋಯಿತು. ಪುಟ್ಟ ಬಾಣಲೆಯಲ್ಲಿ ಎಣ್ಣೆ ಬಿಸಿ ಮಾಡಿ, ಒಲೆ ಆರಿಸಿ, ದೇವರ ಗೂಡಿನಿಂದ ಎರಡು ಬಿಲ್ಲೆ ಕರ್ಪೂರ ತಂದು ಪುಡಿ ಮಾಡಿ ಹಾಕಿದೆ. ಆ ಘಾಟು ಮೂಗಿಗೆ ಏರಿದ್ದೇ ತಡ, ನಾನು ಹತ್ತು ವರ್ಷದವಳಾಗಿ ಇದೇ ಊರಿನ ಲಂಗಾಟಾದ ಸರೋಜತ್ತೆಯ ವರಾಂಡದಲ್ಲಿ ಎಣ್ಣೆಬಟ್ಟಲು ಹಿಡಿದು ನಿಂತಿದ್ದೆ. ಮಗಳು 'ಇಟ್ ಸ್ಟಿಂಕ್ಸ್' ಎಂದು ಮೂಗು ಮುಚ್ಚಿಕೊಂಡಳು. ಅವಳದ್ದೇನು ತಪ್ಪು? ಅವಳ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳಿದ್ದೆ, ಅದೇ ಇಂಗ್ಲಿಷಿನಲ್ಲಿ.

ಸರೋಜತ್ತೆ ಅಪ್ಪನ ಅಕ್ಕ. ಡಾಕ್ಟರ್ ಗಂಡನ ಜೊತೆ ಬಹಳ ಹಿಂದೆಯೇ ನೈರೋಬಿಗೆ ಬಂದು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತ ಇಲ್ಲಿಯವರೇ ಆಗಿಬಿಟ್ಟಿದ್ದರು. ಆಮೇಲೆ ಅಪ್ಪನಿಗೆ ಇಲ್ಲಿನ ಬಣ್ಣದ ಕಾರ್ಖಾನೆಯಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಾಗ ನಾವು ಮೂವರೂ ಅವರ ಮನೆಯಲ್ಲೇ ಬಂದು ಇಳಿದೆವು. ಇಳಿದವರು ಮತ್ತೆ ಏಳಲಿಲ್ಲ. ಹೆಂಚಿನ ಮನೆ, ಸುತ್ತ ದೊಡ್ಡ ಕಾಂಪೌಂಡು, ಬೇಲಿಯಾಚೆ ಒಂದಿಷ್ಟು ಬಯಲು, ಅದರಾಚೆಗೆ ನ್ಯಾಷನಲ್ ಪಾರ್ಕು. ಗಾಳಿ ಸದಾ ಆ ಕಡೆಯಿಂದ ಬೀಸುತ್ತಿತ್ತು, ಒಣಹುಲ್ಲಿನ ವಾಸನೆ ಹೊತ್ತುಕೊಂಡು. ನಾವು ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು. ಅವರು ಬಿಟ್ಟುಹೋದದ್ದು ಎರಡು. ಒಂದು ಆ ಮನೆ, ಇನ್ನೊಂದು ಕಾವೇರಿ ಇಲೆವೆನ್ ಎಂಬ ಕ್ರಿಕೆಟ್ ತಂಡ. ಕಾರ್ಖಾನೆಯ ಎಂಜಿನಿಯರುಗಳು, ಔಷಧ ಕಂಪನಿಯವರು, ಮೇಷ್ಟ್ರುಗಳು ಸೇರಿದ ತಂಡ. ಅರ್ಧ ಜನ ಕಾವೇರಿಯ ನೀರು ಕುಡಿದವರೇ ಅಲ್ಲ. ಆದರೆ ಪ್ರತಿ ಶನಿವಾರ ಸಂಜೆ ಎಲ್ಲರೂ ಸಂಸಾರ ಸಮೇತ ಅತ್ತೆಯ ಮನೆಗೆ ಬರುತ್ತಿದ್ದರು. ಭಾನುವಾರದ ಆಟಕ್ಕೆ ಮುಂಚೆ ಅಲ್ಲಿ ಊಟ ಮಾಡದಿದ್ದರೆ ಆಡಿದ ಹಾಗೇ ಅಲ್ಲ ಎಂಬುದು ಮಾವ ಹಾಕಿಕೊಟ್ಟ ಪದ್ಧತಿ.

ಬ್ಯಾಟು ಬೀಸಲು ನಮ್ಮಲ್ಲಿ ಹನ್ನೊಂದಕ್ಕೆ ಹನ್ನೊಂದೂ ಜನ ತಯಾರು. ಓಡಿ ಬಂದು ಹೊಸ ಚೆಂಡು ಹಾಕಲು ಮಾತ್ರ ಇಬ್ಬರೇ. ಒಬ್ಬರು ವಾಲ್ಟರ್ ಅಂಕಲ್, ಮಂಗಳೂರಿನ ಕಡೆಯವರು, ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ಬೆಂಚಿನಷ್ಟು ಅಗಲದ ಬೆನ್ನು. ಇನ್ನೊಬ್ಬರು ರಘು ಮಾಮ, ಮೈಸೂರಿನವರು, ಮಾತ್ರೆ ತಯಾರಿಸುವ ಫ್ಯಾಕ್ಟರಿಯಲ್ಲಿ ಕೆಮಿಸ್ಟು, ಉದ್ದಕ್ಕೆ, ಸಣ್ಣಕ್ಕೆ, ಮಾತು ಕಡಿಮೆ. ಮದುವೆಯಾಗಿರಲಿಲ್ಲ. ವಾರವಿಡೀ ಒಬ್ಬರೇ ಇದ್ದು, ಶನಿವಾರ ಮಟಾಟು ವ್ಯಾನು ಹಿಡಿದು ನಮ್ಮ ಗೇಟಿನ ಹತ್ತಿರ ಇಳಿದ ಮೇಲೇ ಅವರ ಮುಖದಲ್ಲಿ ನಗು ಕಾಣುತ್ತಿದ್ದದ್ದು. ಊಟಕ್ಕೆ ಮುಂಚೆ ಇಬ್ಬರೂ ವರಾಂಡದ ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ಕೂರಬೇಕು, ಅತ್ತೆ ಕರ್ಪೂರದೆಣ್ಣೆಯನ್ನು ಅವರ ಭುಜಕ್ಕೆ ತಿಕ್ಕಬೇಕು. ವಯಸ್ಸಿನಲ್ಲಿ ನಲವತ್ತರ ಹತ್ತಿರ ಬಂದ ಗಂಡಸರು ಸ್ನಾನಕ್ಕೆ ಕೂತ ಮಕ್ಕಳ ಹಾಗೆ ಕತ್ತು ಬಗ್ಗಿಸಿ ಕೂತಿರುತ್ತಿದ್ದರು.

ನಾನು ಹೇಳಬೇಕೆಂದಿರುವುದು ಆ ಇಬ್ಬರೂ ಒಟ್ಟಿಗೇ ಕೈಕೊಟ್ಟ ವರ್ಷದ ಕತೆ. ವಾಲ್ಟರ್ ಅಂಕಲ್‌ನ ವೇಗ ಇಳಿದಿತ್ತು. ಅದನ್ನು ವಯಸ್ಸಿನ ತಲೆಗೆ ಕಟ್ಟಬಹುದಿತ್ತು. ಆದರೆ ಹಿಂದಿನ ವರ್ಷ ಒಂದೇ ಆಟದಲ್ಲಿ ಏಳು ವಿಕೆಟ್ ಕಿತ್ತಿದ್ದ ರಘು ಮಾಮನ ಚೆಂಡು ಈಗ ಕಾಲಿನ ಬದಿಗೆ ಹೋಗುತ್ತಿತ್ತು, ತಪ್ಪಿದರೆ ಆಫ್ ಸ್ಟಂಪಿನಿಂದ ಆಚೆ, ಅದೂ ತಪ್ಪಿದರೆ ಕೀಪರಿನ ತಲೆ ಮೇಲೆ. ಅಂಪೈರು ಎರಡೂ ಕೈ ಚಾಚಿ ಚಾಚಿ ಸುಸ್ತಾಗುತ್ತಿದ್ದ. ಸಾಲಾಗಿ ನಾಲ್ಕು ಆಟ ಸೋತೆವು. ಇನ್ನೆರಡು ಸೋತರೆ ಲೀಗಿನಿಂದಲೇ ಹೊರಗೆ. ಶನಿವಾರದ ಅಡುಗೆಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬಟಾಣಿ ಬಿಡಿಸುತ್ತ ಒಬ್ಬರು "ಓಡಿ ಬರೋವಾಗ ಎಡಗಾಲು ಸೊಟ್ಟ ಬೀಳ್ತಿದೆ" ಎನ್ನುವರು, ಚಪಾತಿ ಲಟ್ಟಿಸುತ್ತ ಇನ್ನೊಬ್ಬರು "ಕಾಲಲ್ಲಮ್ಮ, ಬೆಳಿಗ್ಗೆ ಅಷ್ಟೊಂದು ಉಪ್ಪಿಟ್ಟು ತಿಂದ್ರೆ ಕೈ ಎಲ್ಲಿ ಏಳತ್ತೆ" ಎನ್ನುವರು. ಇವರಲ್ಲಿ ಒಬ್ಬರೂ ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ಕ್ಯಾಪ್ಟನ್ ಆಗಿದ್ದ ಅಪ್ಪ ರಾತ್ರಿ ಊಟದ ತಟ್ಟೆಯಲ್ಲಿ ಬೆರಳಿನಿಂದ ಫೀಲ್ಡಿಂಗ್ ಬರೆಯುತ್ತ ಕೂತಿರುತ್ತಿದ್ದರು. ಎಲ್ಲರ ಎದೆಯಲ್ಲಿದ್ದ ಭಯ ಒಂದೇ, ಅದನ್ನು ಬಾಯಿಬಿಟ್ಟು ಹೇಳಿದವರು ಅಮ್ಮ: "ಬೌಲರ್‌ಗಳು ಹೋದ್ರೆ ಟೀಮ್ ಹೋಯ್ತು. ಟೀಮ್ ಹೋದ್ರೆ ಈ ಮನೆಗೆ ಯಾರು ಬರ್ತಾರೆ?" ಅತ್ತೆಗೆ ಮಕ್ಕಳಿರಲಿಲ್ಲ. ಶನಿವಾರ ಬರುವವರೇ ಅವರ ಮಕ್ಕಳು, ಅದರಲ್ಲೂ ರಘು ಮಾಮ.

ಗಣಿತದ ಮೇಷ್ಟ್ರಾದ ಅತ್ತೆ ಕೊನೆಗೆ ಬಂದು ನಿಂತದ್ದು ದೃಷ್ಟಿಯ ಲೆಕ್ಕಕ್ಕೆ. ಏಳು ವಿಕೆಟ್ ಬಿದ್ದ ದಿನ ನಾವೆಲ್ಲ ಬಾಯಿ ಬಿಟ್ಟುಕೊಂಡು ರಘು ಮಾಮನನ್ನೇ ನೋಡಿದ್ದೆವಲ್ಲ, ಆಗಲೇ ತಾಗಿದೆ. ಪರೀಕ್ಷೆಯೂ ನಡೆಯಿತು. ಒಂದು ಶನಿವಾರ ರಘು ಮಾಮ ಸ್ನಾನಕ್ಕೆ ಹೋದಾಗ ಅವರ ಬೌಲಿಂಗ್ ಷೂಗಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಹಿತ್ತಲಿನಲ್ಲಿ ಜೋಳ ಸುಡಲು ಇಟ್ಟಿದ್ದ ಇದ್ದಿಲಿನ ಜಿಕೊ ಒಲೆಗೆ ಹಾಕಿದರು. ಮೆಣಸಿನಕಾಯಿ ಚಟಪಟ ಎಂದು ಕರಕಾಯಿತೇ ಹೊರತು ಒಬ್ಬರೂ ಕೆಮ್ಮಲಿಲ್ಲ. ಘಾಟು ಬರಲಿಲ್ಲವೆಂದರೆ ದೃಷ್ಟಿ ಖಂಡಿತ ಎಂದು ಯಾರಿಗೆ ಗೊತ್ತಿಲ್ಲ? ಪಾರ್ಕಿನ ಕಡೆಯಿಂದ ಬೀಸಿದ ಗಾಳಿ ಹೊಗೆಯನ್ನೆಲ್ಲ ಎತ್ತಿಕೊಂಡು ಹೋಗಿ ಪಕ್ಕದ ಮನೆಯವರನ್ನು ಕೆಮ್ಮಿಸುತ್ತಿತ್ತು ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಹೊರಗಿನವರ ಕಣ್ಣಲ್ಲ, ನಮ್ಮದೇ ಕಣ್ಣು" ಎಂದರು ಅತ್ತೆ. "ಹೆತ್ತವಳ ಕಣ್ಣೂ ತಾಗತ್ತೆ. ನಾಳೆ ಅವನು ಓಡಿ ಬರೋವಾಗ ಯಾರೂ ನೋಡಕೂಡದು. ಅವನಿಗೆ ಹೇಳಲೂ ಕೂಡದು, ಹೇಳಿದ್ರೆ ಫಲ ಇಲ್ಲ." ದೇವರ ಮನೆಯ ಹೊಸ್ತಿಲ ಮೇಲೆ ಕೈಯಿಡಿಸಿ ಮಕ್ಕಳಾದ ನಮ್ಮಿಂದಲೂ ಆಣೆ ಮಾಡಿಸಿದರು.

ಆ ಭಾನುವಾರವನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ, ನಗುವಿನ ಹಿಂದೆಯೇ ಕಣ್ಣು ಒದ್ದೆಯಾಗುತ್ತದೆ. ನೀಲಗಿರಿ ಮರದಡಿ ಚಾಪೆ ಹಾಸಿಕೊಂಡು ಹದಿನೈದು ಇಪ್ಪತ್ತು ಜನ ಕೂತಿದ್ದೆವು. ರಘು ಮಾಮ ಓಡಲು ತಿರುಗಿದ ಕೂಡಲೇ ಅತ್ತೆ ಕೆಮ್ಮುವರು, ನಾವೆಲ್ಲ ಒಟ್ಟಿಗೇ ಹಿಂದಕ್ಕೆ ತಿರುಗಿ ನಿಲ್ಲಿಸಿದ್ದ ಕಾರುಗಳನ್ನು ನೋಡುತ್ತ ಕೂರುವೆವು. ಚೆಂಡು ಬಿದ್ದ ಸದ್ದಾದ ಮೇಲೆ ಮತ್ತೆ ಈ ಕಡೆಗೆ. ಒಂದು ಓವರಿಗೆ ಆರು ಸಲ, ವೈಡುಗಳೂ ಸೇರಿದರೆ ಹತ್ತು ಸಲ. ಎದುರು ತಂಡದವರ ಮನೆಯವರು ಬಿದ್ದು ಬಿದ್ದು ನಗುತ್ತಿದ್ದರು. ರಘು ಮಾಮ ಮೊದಲ ಓವರಿನಲ್ಲೇ ನಮ್ಮ ಕಡೆ ನೋಡಿದರು. ಎರಡನೆಯದರಲ್ಲಿ ಓಟವನ್ನು ಅರ್ಧಕ್ಕೇ ನಿಲ್ಲಿಸಿ ನೋಡಿದರು. ಆಮೇಲೆ ನೋಡಲೇ ಇಲ್ಲ. ನೀರಿನ ವಿರಾಮದಲ್ಲಿ ಬಾಟಲಿ ಕೊಡಲು ಹೋದ ನನ್ನ ಹತ್ತಿರ, "ಪುಟ್ಟಿ, ಯಾಕೆ ಎಲ್ರೂ ಆ ಕಡೆ ತಿರುಗ್ತಿದ್ದಾರೆ?" ಎಂದು ಮೆಲ್ಲಗೆ ಕೇಳಿದರು. ನನಗೆ ಹೊಸ್ತಿಲು ಕಣ್ಣ ಮುಂದೆ ಬಂತು. "ಐ ಡೋಂಟ್ ನೋ" ಎಂದು ಹೇಳಿ ನೆಲ ನೋಡಿದೆ. ಅವರು ಬಾಟಲಿಯನ್ನು ಕುಡಿಯದೆ ಹಾಗೇ ವಾಪಸು ಕೊಟ್ಟರು. ಆ ಆಟವನ್ನೂ ಸೋತೆವು.

ಮುಂದಿನ ಶನಿವಾರ ರಘು ಮಾಮ ಬರಲಿಲ್ಲ. ಅಪ್ಪನಿಗೆ ಫೋನು ಮಾಡಿ, ನಾಳೆ ಹೊಸ ಚೆಂಡು ಬೇರೆ ಯಾರಿಗಾದರೂ ಕೊಡಿ, ಮೈಸೂರಿಗೆ ವಾಪಸು ಹೋಗುವ ಯೋಚನೆಯಿದೆ, ಫ್ಯಾಕ್ಟರಿಯಲ್ಲಿ ರಾಜೀನಾಮೆ ಕಾಗದ ಕೊಡುತ್ತೇನೆ ಎಂದರಂತೆ. ವಾಲ್ಟರ್ ಅಂಕಲ್ ಒಬ್ಬರೇ ಮೆಟ್ಟಿಲ ಮೇಲೆ ಕೂತರು. ಅತ್ತೆ ಅವರ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದ ಕೈಯನ್ನು ನಡುವೆಯೇ ನಿಲ್ಲಿಸಿ ಎದ್ದು ಒಳಗೆ ಹೋದರು. ಆ ಸಂಜೆ ಯಾರಿಗೂ ಊಟ ಸೇರಲಿಲ್ಲ. ಬೆಳಿಗ್ಗೆ ಆಟಕ್ಕೆ ಹೊರಡುವ ಮುಂಚೆಯೇ ಅತ್ತೆ ಅಪ್ಪನಿಗೆ ಕಾರು ತೆಗೆಯಲು ಹೇಳಿದರು. ನನ್ನನ್ನು ಯಾಕೆ ಕರೆದರೋ ತಿಳಿಯದು. ಬಹುಶಃ ಒಬ್ಬರೇ ಮೆಟ್ಟಿಲು ಹತ್ತಲು ಅವರಿಗೂ ಧೈರ್ಯವಿರಲಿಲ್ಲ.

ರಘು ಮಾಮನ ಫ್ಲಾಟು ಒಂದೇ ಕೋಣೆಯದು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯಲ್ಲಿ ಒಣಗಲು ಹಾಕಿದ್ದ ಕ್ರಿಕೆಟ್ ಪ್ಯಾಂಟು. ಇಂಥ ಕಡೆಯಿಂದ ಎದ್ದು ನಮ್ಮ ಮನೆಗೆ ಬರುತ್ತಿದ್ದರೇ ಎಂದು ನನಗೆ ಆಶ್ಚರ್ಯವಾಯಿತು. ಅತ್ತೆ ಕುರ್ಚಿಯಲ್ಲಿ ಕೂತು, "ಏನೋ ರಘು, ಊರಿಗೆ ಹೋಗ್ತೀಯಂತೆ?" ಎಂದರು. ರಘು ಮಾಮ ಮಂಚದ ತುದಿಯಲ್ಲಿ ಕೂತರು. ಆಮೇಲೆ, "ವಿಕೆಟ್ ಬರದಿದ್ರೆ ಪರವಾಗಿಲ್ಲ ಅಕ್ಕ. ಬೈದಿದ್ರೂ ಸಹಿಸ್ಕೊತಿದ್ದೆ. ನೀವೆಲ್ಲ ನನ್ನ ನೋಡೋಕೂ ಆಗದೆ ಮುಖ ತಿರುಗಿಸಿಬಿಟ್ರಲ್ಲ" ಎಂದರು. ನನಗೆ ಇನ್ನು ತಡೆಯಲಾಗಲಿಲ್ಲ. "ನಾವು ನಾಚಿಕೆಯಿಂದ ತಿರುಗಿಲ್ಲ ಮಾಮ! ನಮ್ಮ ದೃಷ್ಟಿ ನಿಮಗೆ ತಾಗಬಾರದು ಅಂತ!" ಎಂದು ಕೂಗಿಬಿಟ್ಟೆ. ಮನೆಯವರು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ನಾನು. ಆದರೆ ಇದನ್ನು ಹೇಳಲು ನನ್ನ ಬಳಿ ಇಂಗ್ಲಿಷು ಇರಲಿಲ್ಲ. ಇವತ್ತು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತೇನೆಂದರೆ ಅದರ ಬೇರು ಆ ಒಂದು ಕೋಣೆಯಲ್ಲಿದೆ ಎಂದುಕೊಂಡಿದ್ದೇನೆ.

ರಘು ಮಾಮ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. "ದೃಷ್ಟಿನಾ? ಎಂ.ಎಸ್ಸಿ. ಮ್ಯಾಥ್ಸ್ ಮಾಡಿ?" ಎಂದರು. ಅತ್ತೆ ನಗಲು ಹೋಗಿ ಅತ್ತುಬಿಟ್ಟರು. "ತಪ್ಪಾಯ್ತು ಕಣೋ. ನಮ್ಮನೆಯವರು ಕಟ್ಟಿದ ಟೀಮ್ ಅಂತ ಹೆದರಿದೆ, ನೀನು ಮನುಷ್ಯ ಅನ್ನೋದೇ ಮರೆತೆ" ಎಂದರು. ಅವರು ಯಾರ ಹತ್ತಿರವಾದರೂ ತಪ್ಪಾಯಿತು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಎದ್ದು ಕಿಟಕಿಯಲ್ಲಿದ್ದ ಪ್ಯಾಂಟನ್ನು ಮುಟ್ಟಿ ನೋಡಿ, "ಒಣಗಿದೆ, ಹಾಕ್ಕೊ. ಹೊತ್ತಾಯ್ತು" ಎಂದರು.

ಆ ದಿನ ನೀಲಗಿರಿ ಮರದಡಿ ಅತ್ತೆ ಕೂರಲೇ ಇಲ್ಲ. "ಎಲ್ರೂ ಕಣ್ಣು ಬಿಟ್ಟು ನೋಡಿ. ದೃಷ್ಟಿ ಆದ್ರೆ ಆಗ್ಲಿ" ಎಂದು ಅಪ್ಪಣೆ ಮಾಡಿ, ಬೌಂಡರಿ ಹಗ್ಗದ ಅಂಚಿನಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತರು. ರಘು ಮಾಮನ ಮೊದಲ ಚೆಂಡು ವೈಡು. ನಾವು ಚಪ್ಪಾಳೆ ತಟ್ಟಿದೆವು. ಎರಡನೆಯದೂ ವೈಡು. ಇನ್ನೂ ಜೋರಾಗಿ ತಟ್ಟಿದೆವು. ಅಂಪೈರು ನಮಗೆಲ್ಲ ಬುದ್ಧಿ ನೆಟ್ಟಗಿದೆಯೇ ಎಂಬಂತೆ ತಿರುಗಿ ನೋಡಿದ. ಮೂರನೆಯದಕ್ಕೆ ರಘು ಮಾಮ ಓಡಿ ಬರುವಾಗಲೇ ನಗುತ್ತಿದ್ದರು. ಆ ನಗು ನನಗೆ ಚೆನ್ನಾಗಿ ನೆನಪಿದೆ. ಚೆಂಡು ಎಲ್ಲಿ ಬಿತ್ತೆಂಬುದು ನೆನಪಿಲ್ಲ. ಸಂಜೆಯೊಳಗೆ ಮೂರು ವಿಕೆಟ್ ಸಿಕ್ಕಿತು, ಆದರೂ ನಾವು ಸೋತೆವು, ಲೀಗಿನಿಂದ ಹೊರಬಿದ್ದೆವು. ಮುಂದಿನ ಶನಿವಾರ ಯಾರು ಬರುತ್ತಾರೆ ಎಂದು ಅಮ್ಮ ಅಕ್ಕಿಯನ್ನು ಕಡಿಮೆ ಹಾಕಿದ್ದರು. ರಘು ಮಾಮನೂ ಸೇರಿ ಎಲ್ಲರೂ ಬಂದರು. ಅನ್ನ ಸಾಲದೆ ಎರಡನೇ ಸಲ ಕುಕ್ಕರ್ ಇಡಬೇಕಾಯಿತು. ಲೀಗಿಲ್ಲದ ತಂಡ ಆಮೇಲೆ ಹತ್ತು ವರ್ಷ ಸುಮ್ಮನೆ ಆಡಿತು, ಸುಮ್ಮನೆ ಸೋತಿತು, ಹೊಟ್ಟೆ ತುಂಬ ಉಂಡಿತು. ಮಕ್ಕಳಾದ ನಮಗೆ ಅದಕ್ಕಿಂತ ದೊಡ್ಡ ಭಾಗ್ಯ ಇನ್ನೇನು ಬೇಕಿತ್ತು?

ಈಗ ಆ ಮನೆ ಇಲ್ಲ. ಆ ಕಾಂಪೌಂಡಿನಲ್ಲಿ ಆರು ಅಂತಸ್ತಿನ ಕಟ್ಟಡ ಎದ್ದಿದೆ. ಊರಿನ ಇನ್ನೊಂದು ತುದಿಯ ಗಿಗಿರಿಯಲ್ಲಿರುವ ಆಫೀಸಿಗೆ ಓಡುವ ನನ್ನ ದಾರಿ ಆ ಕಡೆ ಬರುವುದೂ ಇಲ್ಲ. ವಾಲ್ಟರ್ ಅಂಕಲ್ ಮಕ್ಕಳ ಹತ್ತಿರ ಹೋದರು, ಅಪ್ಪ ತೀರಿಕೊಂಡರು. ಅತ್ತೆಗೆ ಕೊನೆಯಲ್ಲಿ ಲಕ್ವ ಹೊಡೆಯಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಒಂದು ಕಣ್ಣು ಮುಚ್ಚುತ್ತಿರಲಿಲ್ಲ. ಇಡೀ ತರಗತಿಯನ್ನು ನೋಟದಲ್ಲೇ ಅಡಗಿಸುತ್ತಿದ್ದ ಹೆಂಗಸು ಮುಖದ ಮೇಲೆ ಸೆರಗೆಳೆದುಕೊಂಡು ಮಲಗಿರುತ್ತಿದ್ದರು. ನೋಡಲು ಬಂದವರು ಅವರಿಗೆ ನೋವಾಗಬಾರದೆಂದು ಗೋಡೆ ನೋಡುತ್ತ, ಕಿಟಕಿ ನೋಡುತ್ತ ಮಾತಾಡಿ ಎದ್ದುಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೇ ಮಾಡುತ್ತಿದ್ದೆ. ರಘು ಮಾಮ ಬಂದ ದಿನ ಕುರ್ಚಿಯನ್ನು ಮಂಚಕ್ಕೆ ತಾಗುವಷ್ಟು ಹತ್ತಿರಕ್ಕೆ ಎಳೆದು ಎದುರಿಗೇ ಕೂತರು. "ಸೆರಗು ತೆಗೀರಿ ಅಕ್ಕ, ನಾನು ನೋಡ್ಬೇಕು" ಎಂದರು. ಅತ್ತೆ ಬೇಡವೆಂದು ತಲೆಯಾಡಿಸಿದರು. ರಘು ಮಾಮ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಅತ್ತೆ ತಾವೇ ಸೆರಗು ಸರಿಸಿದರು. ರಘು ಮಾಮ ಕಣ್ಣು ಕೀಳದೆ ಆ ಮುಖವನ್ನು ನೋಡುತ್ತ ಕೂತರು, ಟೀ ಆರಿಹೋಗುವ ತನಕ ಕೂತರು. ಬಾಗಿಲಲ್ಲಿ ನಿಂತಿದ್ದ ನಾನು ಒಳಗೆ ಹೋಗಿ ಮಂಚದ ಆ ಬದಿಯಲ್ಲಿ ಕೂತು ಅತ್ತೆಯನ್ನು ನೋಡಿದೆ.