ದೋಣಿಯೊಳಗಿನ ಹಗೇವು

ನನ್ನ ಒಂದು ಕಾಲು ಆಗಲೇ ಟ್ಯಾಂಕಿನೊಳಗಿತ್ತು. ಶೆಡ್ಡು ಗುಡಿಸುತ್ತಿದ್ದ ಸಿದ್ದಮ್ಮ ಓಡಿಬಂದು ನನ್ನ ಅಂಗಿ ಹಿಡಿದೆಳೆದರು.

"ನಿಂತ್ಕಳಿ ಮೇಷ್ಟ್ರೇ! ಅಗೇವಿಗೆ ಇಂಗಾ ಇಳಿಯೋದು? ಮೊದ್ಲು ದೀಪ ಬುಡ್ಬೇಕು."

ಹಡಗಿನ ಕೆಲಸದಿಂದ ನಿವೃತ್ತರಾದ ಭಾವ, ಅಕ್ಕನೊಂದಿಗೆ ಸಮುದ್ರದಲ್ಲೇ ಸಂಸಾರ ಹೂಡಲೆಂದು ಕಡಲಿನಿಂದ ದೂರದ ಬೇಗೂರಿನ ಈ ಶೆಡ್ಡಿನಲ್ಲಿ ಉಕ್ಕಿನ ಹಾಯಿದೋಣಿ ಕಟ್ಟಿಸುತ್ತಿದ್ದರು. ಮಳೆಗಾಲವಿಡೀ ಮುಚ್ಚಿದ್ದ ಅದರ ನೀರಿನ ಟ್ಯಾಂಕಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಲು ನಾನು ಇಳಿಯುತ್ತಿದ್ದೆ.

"ನೆಲದಲ್ಲಿ ರಾಗಿ ತುಂಬಿಡೋ ಹಗೇವಲ್ಲಮ್ಮ, ಇದು ದೋಣಿ," ಎಂದು ನಕ್ಕೆ.

"ಯಾವ್ದಾದ್ರೇನು, ತಿಂಗ್ಳಾನ್ಗಟ್ಲೆ ಬಾಯಿ ಮುಚ್ಚಿತ್ತಲ್ಲ?"

ಅವರ ಸಮಾಧಾನಕ್ಕೆಂದು ಪಕ್ಕದಲ್ಲಿದ್ದ ಭಾವ ಬುಡ್ಡಿದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಭಾವ ದೀಪವನ್ನು ಮೇಲೆಳೆದು ಪಕ್ಕಕ್ಕಿಟ್ಟರು.

ಸಿದ್ದಮ್ಮ ನನ್ನ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ. "ನಮ್ಮಣ್ಣ ಅಗೇವಿಗೆ ಇಳ್ದಾಗ ನಾನು ಚಿಕ್ಕೋಳು ಕಣಪ್ಪ. ಇಡ್ಕಳಕ್ಕೆ ಆಗ್ಲಿಲ್ಲ."

ಮುಚ್ಚಿದ ಜಾಗದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಗಾಳಿಯ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ. ಈಗಲೂ ಮೆಟ್ಟಿಲು ಇಳಿಯುವಾಗ ಯಾರೋ ಹಿಂದಿನಿಂದ ಅಂಗಿ ಹಿಡಿದಂತಾಗಿ ಒಂದು ಕ್ಷಣ ನಿಲ್ಲುತ್ತೇನೆ.