ಮೂರು ಹಾಡುಗಳಲ್ಲೂ ಒಂದೇ ಉಸಿರು

ಕೊರಿಯಾದ ಸೋಲ್ ನಗರದ ಮಾಂಗ್ವೊನ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿಂಬಾಪ್ ಎಂಬ ಅನ್ನದ ಸುರುಳಿ ಮಾರುವ ಒಕ್ಬುನ್ ಅವರ ಅಂಗಡಿಯ ಕೆಳಗೆ, ನೆಲಮಾಳಿಗೆಯ ರೆಕಾರ್ಡಿಂಗ್ ಕೋಣೆಯಲ್ಲಿ ಮಾ ಹೇರಾನ್ ಹೀಟರ್ ಆರಿಸುತ್ತಾರೆ. ಅದರ ಗುಂಯ್ ಎನ್ನುವ ಸದ್ದು ಮೈಕಿಗೆ ಕೇಳಿಸುತ್ತದೆ. ದಪ್ಪ ಕೋಟು ಸರಸರ ಎನ್ನುತ್ತದೆಂದು ಅದನ್ನೂ ಕಳಚಿಡುತ್ತಾರೆ. ಜನವರಿಯ ಕೊರೆಯುವ ಚಳಿಯಲ್ಲಿ ಹಳೆಯ ಉಣ್ಣೆ ಸ್ವೆಟರಿನಲ್ಲಿ ನಿಂತು, ಪೇರ್ ಹಣ್ಣು ಕುದಿಸಿದ ನೀರನ್ನು ಒಂದು ಗುಟುಕು ಕುಡಿದು, ಅರ್ಥವಿಲ್ಲದ ಪದಗಳಲ್ಲಿ ಹಾಡಲು ಶುರುಮಾಡುತ್ತಾರೆ. ಸಾಹಿತ್ಯ ಇನ್ನೂ ಅವರ ಕೈಗೆ ಬಂದಿಲ್ಲ.

ಈ ಕೆಲಸಕ್ಕೆ ಗೈಡ್ ಹಾಡುವುದು ಎಂದು ಹೆಸರು. ಹೊಸ ರಾಗ ಬಂದಾಗ ಅದನ್ನು ಮೊದಲು ಹಾಡುವವರು ಹೇರಾನ್. ಆಮೇಲೆ ಸಂಗೀತ ಕಂಪನಿಯ ಗಾಯಕ ತಂಡಗಳ ಹುಡುಗಿಯರು ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡುತ್ತಾರೆ. ಗೈಡ್ ಎಲ್ಲಿ ಉಸಿರೆಳೆದಿದೆಯೋ ಅಲ್ಲೇ ಉಸಿರೆಳೆಯಬೇಕು, ಅದು ಅಲ್ಲಿಯ ಶಿಸ್ತು. ಹುಡುಗಿಯರ ಧ್ವನಿ ರೆಕಾರ್ಡ್ ಆದ ದಿನವೇ ಗೈಡನ್ನು ಅಳಿಸಿಬಿಡುತ್ತಾರೆ. ಹಾಡು ಕೋಟಿಗಟ್ಟಲೆ ಕಿವಿಗಳನ್ನು ಮುಟ್ಟುತ್ತದೆ, ಹೇರಾನ್ ಹೆಸರು ಎಲ್ಲೂ ಇರುವುದಿಲ್ಲ. ನನ್ನ ಹೆಸರು ಬೇಕಾದರೆ ಬರೆಯಿರಿ, ಕಂಪನಿಯದು ಮಾತ್ರ ಬೇಡ ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳಿದ್ದಾರೆ.

ಇಂದಿನ ಬೆಳಗು ಅವರ ಪಾಲಿಗೆ ಮಾಮೂಲಿಯದಲ್ಲ. ಈ ಹಾಡಿನಲ್ಲಿ ಅವರ ದನಿಯ ಆ ಹಳೆಯ ಜಾರು ಮತ್ತೆ ಬಂದರೆ ಅವರ ಕೆಲಸ ಹೋಗುತ್ತದೆ.

ಕಳೆದ ವರ್ಷ ಆ ಕಂಪನಿಯಿಂದ ಮೂರು ತಂಡಗಳ ಮೂರು ಹಾಡುಗಳು ಒಂದರ ಹಿಂದೊಂದು ಬಂದವು. ಕೇಳುಗರು ಮೂರನ್ನೂ ಅಕ್ಕಪಕ್ಕ ಇಟ್ಟು, ಒಂದೇ ಹಾಡನ್ನು ಮೂರು ಸಲ ಮಾರಿ ನಮ್ಮ ಕಿವಿಗೆ ಹೂವಿಟ್ಟಿದ್ದಾರೆ ಎಂದು ಅಂತರ್ಜಾಲದಲ್ಲಿ ಜಾಲಾಡಿದರು. ಕಂಪನಿಯವರು ಸ್ವರಗಳನ್ನು ಬರೆಸಿ ನೋಡಿದರೆ ರಾಗ ಬೇರೆ, ತಾಳ ಬೇರೆ, ರಾಗ ಹಾಕಿದವರೂ ಬೇರೆ. ಹಾಗಿದ್ದರೂ ಕೇಳಿದರೆ ಒಂದೇ. ತಲೆ ಕೆಟ್ಟು, ಹುಡುಗಿಯರು ಹಾಡುವುದನ್ನೇ ಕಿವಿಗೊಟ್ಟು ಕೇಳಿದಾಗ ಗುಟ್ಟು ಹೊರಬಿತ್ತು. ಪಲ್ಲವಿಯ ಮೇಲಿನ ಸ್ವರಕ್ಕೆ ಯಾರೂ ನೇರವಾಗಿ ಹೋಗುವುದಿಲ್ಲ. ಅದರ ಕೆಳಗೆ ಒಂದು ಕ್ಷಣ ತಡೆದು, ಸಣ್ಣಗೆ ಉಸಿರೆಳೆದು, ಜಾರಿಕೊಂಡು ಮೇಲೇರುತ್ತಾರೆ. ಮೂರು ಹಾಡುಗಳಿಗೂ ಗೈಡ್ ಹಾಡಿದವರು ಹೇರಾನ್.

ಅವರು ಮೊಕ್ಪೊ ಬಂದರಿನವರು. ಹದಿನೈದರ ಹರೆಯದಲ್ಲಿ ಇದೇ ಕಂಪನಿಗೆ ತರಬೇತಿಗೆ ಬಂದರು. ತಂಡ ಸಿದ್ಧವಾಯಿತು, ಅದಕ್ಕೆ ಹೆಸರೂ ಇಟ್ಟಾಯಿತು. ಹಗಲಿರುಳು ಹಾಡಿಸಿ ಹಾಡಿಸಿ ಗಂಟಲಲ್ಲಿ ಗಂಟಾಯಿತು. ಅವರು ಆಪರೇಷನ್ ಮುಗಿಸಿ ಮಾತಿಲ್ಲದೆ ಮಲಗಿದ್ದಾಗ ತಂಡ ಅವರಿಲ್ಲದೆಯೇ ವೇದಿಕೆ ಹತ್ತಿತು. ಆಮೇಲೆ ಯಾರೋ ಕರುಣೆ ತೋರಿಸಿ ಈ ಕೆಲಸ ಕೊಟ್ಟರು; ಅಂದಿನಿಂದ ಎಷ್ಟೋ ವರ್ಷ ಆ ಕಂಪನಿಯ ಬಹುತೇಕ ಹಾಡುಗಳಿಗೆ ಗೈಡ್ ಅವರದೇ. ಅಂಥ ಕರುಣೆಯ ಬಗ್ಗೆ ಬರೆಯುವಾಗ ನನಗೆ ಮೈ ಉರಿಯುತ್ತದೆ. ಹೇರಾನ್ ಅವರಿಗೆ ಸಿಟ್ಟಿಲ್ಲ.

"ಆಪರೇಷನ್ ಆದ್ಮೇಲೆ ಆ ಸ್ವರಕ್ಕೆ ನೇರ ಹೋದ್ರೆ ದನಿ ಒಡೆಯೋದು. ಅದಕ್ಕೆ ಕೆಳಗೇ ಒಂಚೂರು ನಿಂತು, ಉಸಿರು ತಗೊಂಡು ಜಾರೋದು ಕಲ್ತೆ," ಎನ್ನುತ್ತಾರೆ. "ಹುಡುಗೀರು ಅದನ್ನ ಸ್ಟೈಲ್ ಅಂದ್ಕೊಂಡ್ರು. ನಾನೂ ಬಾಯಿ ಬಿಡ್ಲಿಲ್ಲ. ಗಂಟಲು ಸರಿಯಿಲ್ಲ ಅಂತ ಹೇಳಿದ್ರೆ ಯಾರು ಕರೀತಾರೆ ಹೇಳಿ?"

ಬೆಳಗಿನಿಂದ ಅದೇ ಸಾಲನ್ನು ಹಾಡುತ್ತಿದ್ದಾರೆ. ಜಾರು ಬರುತ್ತದೆ, ಅಳಿಸುತ್ತಾರೆ. ಜಾರು ತಡೆದರೆ ದನಿ ಒಡೆಯುತ್ತದೆ, ಅದನ್ನೂ ಅಳಿಸುತ್ತಾರೆ. ಕಂಪ್ಯೂಟರಿನಲ್ಲೇ ತಿದ್ದಬಹುದಲ್ಲ ಎಂದು ಕೇಳಿದೆ. ಹಾಗೆ ತಿದ್ದಿದರೆ ಹುಡುಗಿಯರು ಆ ತಿದ್ದಿದ ಬಿಗಿಯನ್ನೂ ನಕಲು ಮಾಡುತ್ತಾರಂತೆ. ಮತ್ತೆ ನಿಂತರು. ಕುತ್ತಿಗೆಯ ನರ ಉಬ್ಬಿತು. ಈ ಸಲ ದನಿ ಎಲ್ಲೂ ತಡೆಯದೆ ನೇರವಾಗಿ ಹೋಗಿ ಮೇಲಿನ ಸ್ವರದಲ್ಲಿ ನಿಂತಿತು. ಹೇರಾನ್ ಕಣ್ಣಲ್ಲಿ ನೀರು. ನೋವಿಗಂತೆ. ನಾನು ನಂಬಲಿಲ್ಲ.

ಮೇಲೆ ಅಂಗಡಿಯಲ್ಲಿ ಒಕ್ಬುನ್ ಬಿಸಿ ಅನ್ನಕ್ಕೆ ಎಳ್ಳೆಣ್ಣೆ ಕಲಸುತ್ತಿದ್ದಾರೆ. ಹೇರಾನ್ ಬಂದು ಕೂತದ್ದೇ ತಡ, ಅವರ ತಟ್ಟೆಗೆ ಕಿಂಬಾಪ್ ಸುರಿದು ಕಾಲೆಳೆಯುತ್ತಾರೆ. "ಒಂದೇ ಸಾರನ್ನ ಮೂರು ಪಾತ್ರೇಲಿ ಬಡಿಸ್ತಾರಲ್ಲೇ ನಿಮ್ಮ ಕಂಪನಿಯವ್ರು. ನಾನು ಹಾಗೆ ಮಾಡಿದ್ರೆ ಗಿರಾಕಿಗಳು ಮುಖಕ್ಕೆ ಉಗೀತಾರೆ." ಹೇರಾನ್ ನಕ್ಕರು. ಗಂಟಲು ಉರಿಯುತ್ತಿದ್ದುದರಿಂದ ಒಂದು ತುಂಡೂ ಒಳಗೆ ಇಳಿಯಲಿಲ್ಲ.

ಬಿಸಿಲೇರುವ ಹೊತ್ತಿಗೆ ಹಾಡಿನ ಹೊಣೆ ಹೊತ್ತ ನಿರ್ಮಾಪಕ ಟೇಹೋ, ಸೊರಿನ್ ಎಂಬ ಹುಡುಗಿಯನ್ನು ಕರೆದುಕೊಂಡು ನೆಲಮಾಳಿಗೆಗೆ ಬರುತ್ತಾನೆ. ವಸಂತದಲ್ಲಿ ಬರಲಿರುವ ಹೊಸ ತಂಡದ ಮುಖ್ಯ ಗಾಯಕಿ ಈಕೆ. ಟೇಹೋ ಕೆಟ್ಟವನಲ್ಲ, ಹೇರಾನ್ ಪರವಾಗಿ ಮೇಲಿನವರ ಹತ್ತಿರ ಅಂಗಲಾಚಿ ಈ ಒಂದು ಅವಕಾಶ ತಂದವನೂ ಅವನೇ. ಗೈಡ್ ಕೇಳಿ, ಚೆನ್ನಾಗಿದೆ ಅಕ್ಕಾ ಎಂದು ಎದೆ ಮೇಲಿನ ಭಾರ ಇಳಿದವನಂತೆ ಕೂತ.

ಸೊರಿನ್ ಅದನ್ನು ಕಿವಿಗೆ ಹಾಕಿಕೊಂಡು ಕೇಳಿದಳು, ಮತ್ತೆ ಕೇಳಿದಳು, ಬರೆದು ತಂದ ಸಾಹಿತ್ಯ ನೋಡಿಕೊಂಡು ಹಾಡಿದಳು. ಪಲ್ಲವಿ ಬಂತು. ಮೇಲಿನ ಸ್ವರದ ಕೆಳಗೆ ಒಂದು ಕ್ಷಣ ತಡೆದಳು, ಸಣ್ಣಗೆ ಉಸಿರೆಳೆದಳು, ಜಾರಿಕೊಂಡು ಏರಿದಳು.

ಟೇಹೋ ನಿಲ್ಲಿಸಿದ. ಗೈಡಿನಲ್ಲಿ ಇರುವ ಹಾಗೆ ಹಾಡು ಎಂದ. ಮತ್ತೆ ಅದೇ ಆಯಿತು.

"ನಾನೇನು ತಪ್ಪು ಮಾಡ್ದೆ ಸರ್?" ಹುಡುಗಿಯ ಮುಖ ಬಿಳಿಚಿಕೊಂಡಿತ್ತು. "ಗೈಡ್ ಹಾಗೇ ಹಾಡ್ತಿದೀನಲ್ಲ."

ನಿಜಕ್ಕೂ ಅವಳಿಗೆ ವ್ಯತ್ಯಾಸ ಕೇಳಿಸುತ್ತಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ಈ ಕಂಪನಿಯ ಹಾಡುಗಳನ್ನೇ ಕನ್ನಡಿ ಮುಂದೆ ನಿಂತು ಹಾಡಿ ಬೆಳೆದವಳು. ಹಾಡುವುದೆಂದರೆ ಹೀಗೆಯೇ ಎಂದು ಅವಳ ಗಂಟಲು ಕಲಿತುಬಿಟ್ಟಿದೆ. ಮಧ್ಯಾಹ್ನದವರೆಗೆ ಹಾಡಿದರೂ ಜಾರು ಹೋಗಲಿಲ್ಲ.

ಟೇಹೋ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. ತಂಡ ಬರುವ ದಿನ ನಿಗದಿಯಾಗಿದೆ, ಹಾಡು ಹೇಗಿದೆಯೋ ಹಾಗೇ ಹೋಗುತ್ತದೆ. ಆದರೆ ಏನೋ ಬದಲಾಯಿಸಿದ್ದೇವೆ ಎಂದು ಕಂಪನಿ ತೋರಿಸಬೇಕಲ್ಲ. ಅವನು ಹೇರಾನ್ ಮುಂದೆ ಸೊಂಟ ಬಾಗಿಸಿ ನಿಂತ. "ಇನ್ಮೇಲೆ ಬರೋದು ಬೇಡ ಅಂದ್ರು ಅಕ್ಕಾ." ಬೆಳಗಿನ ಗೈಡ್ ನೇರವಾಗಿತ್ತು ಎಂದು ನಾನು ಬಾಯಿ ಹಾಕಿದೆ. ಅದು ಅವನಿಗೂ ಗೊತ್ತಿತ್ತು. ತಲೆಯೆತ್ತದೆ ಕಂಪ್ಯೂಟರಿನ ಹತ್ತಿರ ಹೋಗಿ, ಪದ್ಧತಿಯಂತೆ ಆ ಗೈಡನ್ನು ಅಳಿಸಿದ.

ಹೇರಾನ್ ಜಗಳಕ್ಕೆ ಹೋಗಲಿಲ್ಲ. ಅಳುತ್ತಿದ್ದ ಸೊರಿನ್ ಬೆನ್ನು ಸವರಿ, ನಿನ್ನದೇನೂ ತಪ್ಪಿಲ್ಲ ಕಣೇ ಎಂದು ಹೇಳಿ ಕಳಿಸಿದರು. ಎಲ್ಲರೂ ಹೋದ ಮೇಲೆ ಹೀಟರ್ ಹಾಕಿ, ಕೈ ಕಾಯಿಸುತ್ತ ಕೂತರು. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಎಂಥ ಹೊತ್ತಿನಲ್ಲಿ ಎಂಥ ಪ್ರಶ್ನೆ ಎಂದು ನನಗೇ ನಾಚಿಕೆಯಾಯಿತು. ಉಳಿದ ಪೇರ್ ಹಣ್ಣಿನ ನೀರನ್ನು ಕುಡಿದು ಮಾತಾಡಿದರು. ದನಿ ಪೂರ್ತಿ ಕಟ್ಟಿಹೋಗಿತ್ತು.

"ಅವಳ ಗಂಟಲು ಎಷ್ಟು ಚೆನ್ನಾಗಿದೆ ನೋಡಿದ್ರಲ್ಲ. ಯಾವ ಗಾಯಾನೂ ಇಲ್ಲ. ಒಂದೇ ಒಂದ್ಸಲ ಅವಳು ಎಲ್ಲೂ ನಿಲ್ದೆ ಆ ಸ್ವರಕ್ಕೆ ಓಡಿ ಹತ್ತಿದ್ರೆ, ಆಪರೇಷನ್ನಿಗೆ ಮುಂಚೆ ನಾನು ಹೇಗೆ ಹಾಡ್ತಿದ್ದೆ ಅಂತ ಕೇಳಿಸ್ಕೋಬೋದಿತ್ತು. ಅದೊಂದು ಆಸೆ ಇತ್ತು. ಏನ್ಮಾಡೋದು, ಅವಳಿಗೆ ಓಡೋದು ಗೊತ್ತೇ ಇಲ್ಲ. ಕುಂಟೋದು ಕಲಿಸಿದೋಳು ನಾನೇ."