ಕಂಬದೊಳಗೆ ನಾನಿರಲಿಲ್ಲ

ಹಿಂದುಹಿಂದಕ್ಕೆ ನಡೆದು ಹೊಟ್ಟೆ ಹೊರೆಯುವವರು ಲೋಕದಲ್ಲಿ ವಿರಳ; ನಾನು ಅವರಲ್ಲೊಬ್ಬ. ಹಳೇಬೀಡಿನ ಗೈಡು ಬಂದವರಿಗೆ ಬೆನ್ನು ತೋರಿಸಬಾರದೆಂಬುದು ನನಗೆ ಈ ಕೆಲಸ ಕಲಿಸಿದ ಸೋದರಮಾವನ ಕಟ್ಟಪ್ಪಣೆ. ಹಾಗಾಗಿ ಮುಖವನ್ನು ಪ್ರವಾಸಿಗರಿಗೂ ಬೆನ್ನನ್ನು ಇತಿಹಾಸಕ್ಕೂ ಒಪ್ಪಿಸಿ, ಅಂಗಾಲಿನಿಂದಲೇ ಕಲ್ಲನ್ನು ಓದುತ್ತ ಸಾಗುವುದು ನನ್ನ ವೃತ್ತಿವೈಖರಿ. ಕಳೆದ ಚಳಿಗಾಲದಲ್ಲಿ ಆ ಅಂಗಾಲುಗಳು ಬಿರುಕುಬಿಟ್ಟಾಗ ಹೆಂಡತಿ ಪಕ್ಕದೂರು ಹಗರೆಯ ಅಂಗಡಿಯಿಂದ ಒಂದು ಜೊತೆ ನೈಲಾನ್ ಕಾಲುಚೀಲ ತಂದುಕೊಟ್ಟಳು. ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸುವ ಧೈರ್ಯ ಯಾವ ಗಂಡನಿಗಿದೆ, ನೀವೇ ಹೇಳಿ.

ನನ್ನ ವಿವರಣೆಯ ಪರಾಕಾಷ್ಠೆ ಇಲ್ಲಿನ ಜೈನ ಬಸದಿಯ ಕಪ್ಪು ಕಂಬಗಳೆದುರು. ಕಡೆದು ನುಣುಪಾಗಿಸಿದ ಆ ಕಲ್ಲಿನಲ್ಲಿ ಎದುರು ನಿಂತವರ ಬಿಂಬ ಕಾಣುತ್ತದೆ. "ನಾನು ಹೇಳೋ ತನಕ ಯಾರೂ ಮಾತಾಡಬೇಡಿ, ಅಲುಗಬೇಡಿ, ಕಂಬ ನೋಡ್ತಾ ಇರಿ" ಎಂದು ಅಪ್ಪಣೆ ಮಾಡುತ್ತೇನೆ. ಆ ನಿಶ್ಶಬ್ದದಲ್ಲಿ ಒಬ್ಬೊಬ್ಬರೂ ಕಲ್ಲಿನ ಆಳದಿಂದ ಎದ್ದುಬಂದಂತೆ ತೋರುತ್ತಾರೆ. ಅಂದೂ ಅಪ್ಪಣೆ ಮಾಡಿದೆ, ಒಂದು ಹೆಜ್ಜೆ ಹಿಂದಿಟ್ಟೆ. ಕಾಲುಚೀಲ ನನ್ನ ಕೈಬಿಟ್ಟಿತು.

ಬಿದ್ದ ಸದ್ದು ನನಗೆ ಕೇಳಿಸಲಿಲ್ಲ. ಕಣ್ತೆರೆದಾಗ ಎದುರಿಗೆ ಕಂಬ. ಅದರೊಳಗೆ ಪ್ರವಾಸಿಗರೆಲ್ಲ ನೀಳವಾಗಿ, ಮಂಕಾಗಿ ನಿಂತಿದ್ದರು. ಅವರ ನಡುವೆ ನಾನಿರಬೇಕಾದ ಕಡೆ ಒಬ್ಬ ಮನುಷ್ಯನಷ್ಟಗಲದ ಕತ್ತಲು. ಯಾರೂ ಅಲುಗುತ್ತಿಲ್ಲ, ಯಾರೂ ಮಾತಾಡುತ್ತಿಲ್ಲ. ಕೈ ಆಡಿಸಿದೆ, ಕಂಬದಲ್ಲಿ ಯಾವ ಕೈಯೂ ಆಡಲಿಲ್ಲ. "ಸ್ವಾಮೀ" ಎಂದೆ, ಬರೀ ಗಾಳಿ ಹೊರಟಿತು. ಸತ್ತವರಿಗೆ ಸತ್ತದ್ದು ತಕ್ಷಣ ತಿಳಿಯುವುದಿಲ್ಲವಂತೆ, ಮನೆಯವರನ್ನೆಲ್ಲ ಕರೆಯುತ್ತಾರಂತೆ, ಯಾರೂ ಓಗೊಡದಾಗ ಬೇಸರ ಮಾಡಿಕೊಳ್ಳುತ್ತಾರಂತೆ: ಅಜ್ಜಿ ರಾಗಿ ಬೀಸುತ್ತ ಹೇಳುತ್ತಿದ್ದ ಕಥೆ. ಬೆನ್ನ ಕೆಳಗಿನ ಕಲ್ಲಿನ ತಣುಪು ಮೆಲ್ಲಮೆಲ್ಲಗೆ ಒಳಗಿಳಿಯಿತು. ಹೆಂಡತಿಗೆ ಯಾರು ತಿಳಿಸುತ್ತಾರೆ ಎಂದುಕೊಂಡೆ.

"ಇದೇನ್ರೀ ರಾಜಣ್ಣಾ, ಹಿಂಗ್ ಮಲಗಿದ್ದೀರಲ್ಲ! ಏಳ್ರೀ ಮೇಲೆ, ಕಾಲು ಸ್ವಾಮಿ ಕಡೆಗೈತೆ!"

ದಿನವೂ ಬಸದಿಗೆ ಬರುವ ವೃದ್ಧೆ ಪದ್ಮಾವತಮ್ಮನವರು. ಆ ಗದರಿಕೆಯಿಂದ ಪ್ರವಾಸಿಗರ ಮೌನವೂ ಒಡೆಯಿತು. "ಅಲುಗಬೇಡಿ ಅಂದಿದ್ರಲ್ಲ ಸರ್, ಬೀಳೋದೂ ಶೋನಲ್ಲೇ ಇದೆ ಅಂದ್ಕೊಂಡ್ವಿ" ಎಂದನೊಬ್ಬ. ಎಲ್ಲರೂ ನಕ್ಕರು. ಆ ನಗೆ ನನಗೆ ಮಂಗಳವಾದ್ಯದಂತೆ ಕೇಳಿಸಿತು. ಬದುಕಿರುವವನಿಗೆ ಮಾತ್ರ ಅವಮಾನವಾಗುತ್ತದಷ್ಟೆ.

ಚಹದಂಗಡಿಯಲ್ಲಿ ಜೊತೆಯ ಗೈಡು ನಂಜುಂಡ ಕೇಳಿದ: "ಏನ್ಲಾ, ಕಂಬಕ್ಕೇ ಸಾಷ್ಟಾಂಗ ಹಾಕ್ದ್ಯಂತೆ?" ಕಂಬದಲ್ಲಿ ನಾನೇ ಕಾಣಲಿಲ್ಲ ಎಂದೆ. ನೆಲದ ಮೇಲಿದ್ದವನ ಬಿಂಬ ಮೇಲಿನ ನುಣುಪಿನಲ್ಲಿ ಹೇಗೆ ಕಂಡೀತು ಎಂದು ಅವನು ವಿವರಿಸಿದ. ಬುದ್ಧಿ ಒಪ್ಪಿತು, ಬೆನ್ನು ಒಪ್ಪಲಿಲ್ಲ. "ಭಯ ಆದ್ರೆ ಕಂಬದ ಕಡೀಕೆ ನಿನ್ ಜನಾನ ನಾನೇ ಕರ್ಕಂಡ್ ಹೋಯ್ತೀನಿ ಬಿಡ್ಲಾ" ಎಂದ. ಒಪ್ಪಿಕೊಂಡರೆ ನಾನು ಇನ್ನು ಗೈಡಲ್ಲ.

ಮರುದಿನ ಬರಿಗಾಲಲ್ಲೇ ಹೋದೆ. ಕಂಬಕ್ಕೆ ಬೆನ್ನು ಮಾಡಿ ನಿಂತು, ಈ ಬಾರಿ, "ಧಾರಾಳವಾಗಿ ಮಾತಾಡ್ತಾ ಇರಿ" ಎಂದೆ. ಮಾತಾಡಿ ಎಂದರೆ ಜನಕ್ಕೆ ಮಾತೇ ಹೊಳೆಯುವುದಿಲ್ಲ ನೋಡಿ. ಎಲ್ಲರೂ ಒಮ್ಮೆಗೇ ಮೂಕರಾಗಿ, ನನ್ನ ಹೆಗಲಾಚೆಗೆ, ಕಂಬವನ್ನೇ ದಿಟ್ಟಿಸತೊಡಗಿದರು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಪದ್ಮಾವತಮ್ಮನವರತ್ತ ಬಾಗಿ, "ಅಮ್ಮಾ, ನಾನು ಕಾಣ್ತಿದ್ದೀನಾ?" ಎಂದು ಪಿಸುಗುಟ್ಟಿದೆ.

ಅವರು ಕಣ್ಣುಮುಚ್ಚಿ ಜಪದಲ್ಲಿದ್ದರು. ಅದು ಮುಗಿಯುವವರೆಗೆ ನಾನು ಕಾಯಬೇಕಾಯಿತು.